ಅಜ್ಜನ ಮನೆಯ ಸಂದೂಕ, ಆರಾಮ ಕುರ್ಚಿ ಮತ್ತು ಕಲಘಟಗಿ ತೊಟ್ಟಿಲು: ಎಷ್ಟು ಉಳಿಸಬೇಕು, ಎಷ್ಟು ಬದಲಿಸಬಹುದು?

ಪ್ರಶ್ನೆ: ಧಾರವಾಡದ ಮೊಮ್ಮಗಳು (ಈಗ ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಧಾರವಾಡ ಜಿಲ್ಲೆಯ ಹಳ್ಳಿಯೊಂದರಲ್ಲಿರುವ ನಮ್ಮ ಅಜ್ಜನ ಮನೆಯನ್ನು ಬರುವ ಬೇಸಿಗೆಯಲ್ಲಿ ಇಳಿಸುವುದೆಂದು ಕಾಕಂದಿರು ತೀರ್ಮಾನಿಸಿದ್ದಾರೆ. ಅಟ್ಟದ ಮೇಲೂ ಹಿತ್ತಲಿನ ಕೋಣೆಯಲ್ಲೂ ವರ್ಷಗಟ್ಟಲೆ ಬಿದ್ದಿದ್ದ ಸಾಮಾನುಗಳನ್ನು ಗುಜರಿಯವರು ಒಟ್ಟಿಗೆ ಒಯ್ಯುವುದಾಗಿ ಹೇಳಿದ್ದರು. ಅದಕ್ಕೆ ಮೊದಲು ನಾನು ಹೋಗಿ ಮೂರು ವಸ್ತುಗಳನ್ನು ಬೇರೆ ತೆಗೆದಿರಿಸಿದ್ದೇನೆ.

ಮೊದಲನೆಯದು ಸುಮಾರು ನಾಲ್ಕಡಿ ಉದ್ದದ, ಕಬ್ಬಿಣದ ಪಟ್ಟಿ ಬಡಿದ ಸಂದೂಕ. ಅದು ಸಾಗುವಾನಿಯದೆಂದು ಅಪ್ಪ ಹೇಳುತ್ತಾರೆ, ಆದರೆ ಯಾರೋ ಎಂದೋ ಅದಕ್ಕೆ ದಪ್ಪನೆಯ ಹಸಿರು ಆಯಿಲ್ ಪೇಂಟ್ ಬಳಿದಿರುವುದರಿಂದ ಮರ ಕಾಣಿಸುವುದಿಲ್ಲ. ಅದರ ಕೆಳಗೆ ನೆಲದ ಮೇಲೆ ನುಣ್ಣನೆಯ ಹಿಟ್ಟಿನಂತಹ ಪುಡಿ ಬಿದ್ದಿತ್ತು. ಎರಡನೆಯದು ಅಜ್ಜ ಪಡಸಾಲೆಯಲ್ಲಿ ಕೂರುತ್ತಿದ್ದ, ಕಪ್ಪು ಛಾಯೆಯ ಮರದ ಆರಾಮ ಕುರ್ಚಿ. ಬೆತ್ತದ ಹೆಣಿಕೆ ನಡುವೆ ಹರಿದಿದೆ, ಒಂದು ಕೈ ಅಲುಗಾಡುತ್ತದೆ. ಮೂರನೆಯದು ಬಣ್ಣದ ತೊಟ್ಟಿಲು. ನನ್ನ ಅಪ್ಪನನ್ನೂ ಅವರ ನಾಲ್ವರು ಒಡಹುಟ್ಟಿದವರನ್ನೂ ತೂಗಿದ ಈ ತೊಟ್ಟಿಲನ್ನು ಅಜ್ಜಿಯ ತವರಿನವರು ಕಲಘಟಗಿಯಿಂದ ಮಾಡಿಸಿ ತಂದಿದ್ದರಂತೆ.

ನಮ್ಮದು ಎರಡು ಕೋಣೆಗಳ ಫ್ಲ್ಯಾಟ್, ಮನೆಯಲ್ಲಿ ಎರಡು ವರ್ಷದ ಮಗುವಿದೆ. ಇವನ್ನು ನೆನಪಿಗೆಂದು ಮೂಲೆಯಲ್ಲಿಡುವಷ್ಟು ಜಾಗ ನನ್ನಲ್ಲಿಲ್ಲ, ನಿತ್ಯದ ಬಳಕೆಗೆ ಬಂದರೆ ಮಾತ್ರ ಉಳಿಸಿಕೊಳ್ಳಬಲ್ಲೆ. ಇಲ್ಲಿಯ ಒಳಾಂಗಣ ವಿನ್ಯಾಸಕರೊಬ್ಬರು ಸಂದೂಕವನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಬಣ್ಣ ತೆಗೆಸಿ, ಕಾಲು ಜೋಡಿಸಿ ಟೀಪಾಯಿ ಮಾಡೋಣ ಎಂದರು. ತೊಟ್ಟಿಲಿನ ಚೌಕಟ್ಟನ್ನು ಕತ್ತರಿಸಿದರೆ ಗೋಡೆಗೆ ಎರಡು ಪುಸ್ತಕದ ಕಪಾಟುಗಳಾಗುತ್ತವೆ ಎಂದೂ ಹೇಳಿದರು. ಅವರು ತೋರಿಸಿದ ಚಿತ್ರಗಳು ನಿಜಕ್ಕೂ ಚೆನ್ನಾಗಿದ್ದವು. ಆದರೂ ಗರಗಸ ಎಂಬ ಮಾತು ಬಂದೊಡನೆ ಮನಸ್ಸು ಹಿಂಜರಿಯಿತು. ಕುರ್ಚಿಯನ್ನು ಜರ್ಮನಿಯಲ್ಲಿರುವ ನನ್ನ ತಮ್ಮ ಕೇಳುತ್ತಿದ್ದಾನೆ. ಈ ಕೆಲಸ ಬಲ್ಲವರು ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಮಾಡಲೇಬಾರದು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಬಡಗಿ ಮನೆತನದವನು, ಉಡುಪಿ

ನನ್ನ ತಂದೆ ಬಡಗಿಯಾಗಿದ್ದರು. ನಾನು ಇಪ್ಪತ್ತು ವರ್ಷಗಳಿಂದ ಹಳೆಯ ಪೀಠೋಪಕರಣಗಳ ದುರಸ್ತಿಯನ್ನೇ ಮಾಡಿಕೊಂಡಿದ್ದೇನೆ. ಮೊದಲ ಮಾತು, ಸಂದೂಕವನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಲು ಖಂಡಿತ ಬಿಡಬೇಡಿ. ಬಣ್ಣ ಬೇಗ ಬಿಡುತ್ತದೆ ನಿಜ, ಆದರೆ ಸೋಡಾ ಸಾಗುವಾನಿಯನ್ನು ಕಪ್ಪಾಗಿಸುತ್ತದೆ, ಮರದ ಎಳೆಗಳನ್ನು ಎಬ್ಬಿಸಿ ಮೈಯನ್ನು ಒರಟು ಮಾಡುತ್ತದೆ, ಜೋಡಣೆಯೊಳಗಿನ ಹಳೆಯ ಅಂಟನ್ನು ಸಡಿಲಗೊಳಿಸುತ್ತದೆ. ಅದರಲ್ಲಿ ಅದ್ದಿ ತೆಗೆದ ಪೆಟ್ಟಿಗೆಗಳನ್ನು ಆರು ತಿಂಗಳ ನಂತರ ನನ್ನಲ್ಲಿಗೆ ತಂದವರಿದ್ದಾರೆ.

ಆ ಹಸಿರು ಬಣ್ಣದ ಬಗ್ಗೆ ಇನ್ನೂ ಗಂಭೀರವಾದ ವಿಷಯವೊಂದಿದೆ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಆಯಿಲ್ ಪೇಂಟ್‌ಗಳಲ್ಲಿ, ಅದರಲ್ಲೂ ಹಳದಿ, ಹಸಿರು ಬಣ್ಣಗಳಲ್ಲಿ, ಸೀಸದ ಸಂಯುಕ್ತಗಳನ್ನು ಬಳಸುವುದು ಸಾಮಾನ್ಯವಾಗಿತ್ತು. ಹಾಗಾಗಿ ನಿಮ್ಮ ಸಂದೂಕದ ಬಣ್ಣದಲ್ಲಿ ಸೀಸವಿದೆ ಎಂದೇ ಭಾವಿಸಿ ಕೆಲಸ ಮಾಡುವುದು ಕ್ಷೇಮ. ಒಣ ಮರಳುಕಾಗದದಲ್ಲಿ ಉಜ್ಜಿದರೆ ಆ ಧೂಳು ಮನೆಯ ನೆಲದಲ್ಲಿ ಕೂರುತ್ತದೆ, ಅಲ್ಲಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಬಣ್ಣವನ್ನು ಬೆಂಕಿಯಲ್ಲಿ ಸುಡುವುದಂತೂ ವಿಷದ ಹೊಗೆಯನ್ನೇ ಕುಡಿದಂತೆ. ಮನೆಯಿಂದ ದೂರ, ಗಾಳಿಯಾಡುವ ಕಡೆ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಪೇಂಟ್ ರಿಮೂವರ್ ಸವರಿ, ಬಣ್ಣ ಉಬ್ಬಿದ ಮೇಲೆ ಒದ್ದೆ ಇರುವಾಗಲೇ ಮೊಂಡು ಅಲಗಿನಿಂದ ಕೆರೆಯಬೇಕು. ಕೆರೆದದ್ದನ್ನು ಕಾಗದದಲ್ಲಿ ಕಟ್ಟಿ ಬೇರೆಯಾಗಿಡಬೇಕು. ಕೈಗವಸು ಮತ್ತು ಒಳ್ಳೆಯ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಕೆರೆಯುವಾಗ ಮಗು ಆ ಆವರಣದಲ್ಲಿಯೇ ಇರಬಾರದು.

ಇನ್ನು ಆ ನುಣ್ಣನೆಯ ಪುಡಿ. ಅದು ಕುಟ್ಟೆ ಹುಳುವಿನ ಕೆಲಸ. ಗೆದ್ದಲಾಗಿದ್ದರೆ ಮಣ್ಣಿನ ಗೂಡು ಕಾಣಿಸುತ್ತಿತ್ತು. ಸಾಗುವಾನಿಯ ಚೇಗನ್ನು ಈ ಹುಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದು ತಿನ್ನುವುದು ಹೊರಗಿನ ಬಿಳಿ ಭಾಗವನ್ನು, ಇಲ್ಲವೇ ಆಮೇಲೆ ಯಾರಾದರೂ ಹಾಕಿಸಿದ ಅಗ್ಗದ ಹಲಗೆಯನ್ನು. ಪುಡಿಯನ್ನೆಲ್ಲ ಗುಡಿಸಿ, ಸಂದೂಕದ ಕೆಳಗೆ ಕಪ್ಪು ಕಾಗದ ಹಾಸಿ, ಮೂರು ನಾಲ್ಕು ವಾರ ನೋಡಿರಿ. ಹೊಸ ಪುಡಿ ಬಿದ್ದರೆ ಹುಳು ಜೀವಂತವಾಗಿದೆ ಎಂದರ್ಥ. ಬೋರಿಕ್ ಆಮ್ಲ ಮತ್ತು ಬೊರಾಕ್ಸ್ ಬೆರೆಸಿದ ನೀರನ್ನು ಬಣ್ಣ ತೆಗೆದ ಬರಿಯ ಮರಕ್ಕೆ ಎರಡು ಮೂರು ಸಲ ಕುಡಿಸಿದರೆ ಅದು ಮರದೊಳಗೆ ಇಳಿದು ಉಳಿಯುತ್ತದೆ. ಬಣ್ಣದ ಮೇಲೆ ಬಳಿದರೆ ಒಳಗೆ ಹೋಗುವುದೇ ಇಲ್ಲ. ಊರಿನಲ್ಲಿ ಸೀಮೆಎಣ್ಣೆ ಹಚ್ಚುತ್ತಾರೆ. ಅದು ಆರಿದ ಮೇಲೆ ಮರಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ, ವಾಸನೆ ಮಾತ್ರ ಉಳಿಯುತ್ತದೆ.

ಕುರ್ಚಿಯ ವಿಷಯದಲ್ಲಿ ಒಂದು ಪರೀಕ್ಷೆ ಮಾಡಿರಿ. ಕೂರುವ ಚೌಕಟ್ಟಿನ ಒಳಮೈಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಪಾಲಿಶ್‌ಗೆ ಬಳಸುವ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೈ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಬಂದರೆ ಅದು ಅರಗಿನ ಪಾಲಿಶ್. ಹಾಗಿದ್ದರೆ ನಿಮ್ಮ ಅದೃಷ್ಟ ದೊಡ್ಡದು, ಏಕೆಂದರೆ ಅರಗಿನ ಪಾಲಿಶ್‌ನ್ನು ಕೆರೆದು ತೆಗೆಯಬೇಕಾಗಿಯೇ ಇಲ್ಲ. ಹಳೆಯ ಪದರವನ್ನು ಒದ್ದೆ ಬಟ್ಟೆಯಿಂದ ಶುದ್ಧ ಮಾಡಿ, ಆರಲು ಬಿಟ್ಟು, ಹೊಸ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಸವರಿದರೆ ಹೊಸದು ಹಳೆಯದರೊಳಗೆ ಕರಗಿ ಒಂದಾಗುತ್ತದೆ. ನೂರಾರು ಕೈಗಳು ಸವರಿ ಬಂದ ಹೊಳಪು ಹಾಗೆಯೇ ಉಳಿಯುತ್ತದೆ. ಈಗಿನ ಪಾಲಿಯುರೆಥೇನ್ ಹೊಡೆಸಿದರೆ ಮುಂದೆ ದುರಸ್ತಿ ಬಂದಾಗ ಪೂರ್ತಿ ಕೆರೆಯದೆ ಗತಿಯಿಲ್ಲ.

ಅಲುಗಾಡುವ ಕೈಗೆ ಮೊಳೆಯನ್ನಾಗಲಿ ತಿರುಪನ್ನಾಗಲಿ ಹಾಕಿಸಬೇಡಿ. ಹಳೆಯ ಕುರ್ಚಿಗಳಲ್ಲಿ ಒಂದು ಮರದ ನಾಲಗೆಯನ್ನು ಇನ್ನೊಂದರ ತೂತಿಗೆ ಕೂಡಿಸಿ ಬಿದಿರಿನ ಇಲ್ಲವೇ ಮರದ ಗೂಟ ಹೊಡೆದಿರುತ್ತಾರೆ. ಗೂಟವನ್ನು ಹಿಂದಿನಿಂದ ಮೆಲ್ಲಗೆ ತಟ್ಟಿ ಹೊರತೆಗೆದು, ಒಣಗಿದ ಹಳೆಯ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ಮೆದುಮಾಡಿ ಉಳಿಯಿಂದ ಕೆರೆದು, ಅನಂತರ ಹೊಸ ಅಂಟು ಹಾಕಿ ಕೂಡಿಸಬೇಕು. ಹಳೆಯ ಅಂಟಿನ ಮೇಲೆಯೇ ಫೆವಿಕಾಲ್ ಸುರಿದರೆ ಅದು ಹಿಡಿಯುವುದಿಲ್ಲ. ಮೊಳೆ ಹೊಡೆದ ಕುರ್ಚಿಯನ್ನು ಬಿಚ್ಚುವಾಗ ಮರ ಸೀಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ನೋಡಿದಾಗಲೆಲ್ಲ ನೋವಾಗಿದೆ.

ಉತ್ತರ: ತೊಟ್ಟಿಲ ಹಾಡು ಕೇಳಿ ಬೆಳೆದವಳು, ಹುಬ್ಬಳ್ಳಿ

ಮೇಲಿನವರು ಹೇಳಿದ ಸ್ಪಿರಿಟ್ ಪರೀಕ್ಷೆಯನ್ನು ದಯವಿಟ್ಟು ತೊಟ್ಟಿಲಿನ ಮೇಲೆ ಮಾಡಬೇಡಿ. ಇದನ್ನು ಹೇಳುವುದಕ್ಕೆಂದೇ ಬರೆಯುತ್ತಿದ್ದೇನೆ. ಕಲಘಟಗಿ ತೊಟ್ಟಿಲಿನ ಬಣ್ಣವೇ ಅರಗಿನದು. ಅಲ್ಲಿಯ ಚಿತ್ರಗಾರ ಮನೆತನದವರು ಸಾಗುವಾನಿಯ ಮೇಲೆ ಬಣ್ಣ ಬೆರೆಸಿದ ಅರಗನ್ನು ಹಿಡಿಸಿ, ಅದರ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಬರೆಯುತ್ತಾರೆ. ಚನ್ನಪಟ್ಟಣದ ಗೊಂಬೆಗಳಲ್ಲಿ ಕಾಣುವ ಹೊಳಪಿಗೂ ಅರಗೇ ಕಾರಣ. ಅಲ್ಲಿ ಆಲೆ ಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅದು ಕರಗಿ ಮರವನ್ನು ಹಿಡಿಯುತ್ತದೆ. ನೀರಿಗೆ ಜಗ್ಗದ ಈ ಬಣ್ಣ ಸ್ಪಿರಿಟ್ಟಿಗೆ ನಿಮಿಷಾರ್ಧದಲ್ಲಿ ಶರಣಾಗುತ್ತದೆ. ನಮ್ಮ ಬಳಗದ ಮನೆಯೊಂದರಲ್ಲಿ ತೊಟ್ಟಿಲನ್ನು ಚೊಕ್ಕಟ ಮಾಡಲು ಹೋಗಿ ಒಂದು ಬದಿಯ ದಶಾವತಾರವೇ ಬಟ್ಟೆಗೆ ಬಂದುಬಿಟ್ಟಿತು. ಆ ಬಟ್ಟೆಯನ್ನು ಹಿಡಿದುಕೊಂಡು ಆ ಮನೆಯ ಹಿರಿಯರು ಕುಳಿತಿದ್ದ ಬಗೆ ನನಗಿನ್ನೂ ಮರೆತಿಲ್ಲ.

ಮೆತ್ತನೆಯ ಕುಂಚದಿಂದ ಧೂಳು ಕೊಡವಿ, ಹಿಂಡಿದ ಒದ್ದೆ ಹತ್ತಿಬಟ್ಟೆಯಿಂದ ಒಂದು ಮೂಲೆಯಲ್ಲಿ ಒರೆಸಿ ನೋಡಿರಿ. ಬಣ್ಣ ಬಿಡದಿದ್ದರೆ ಮಾತ್ರ ಮುಂದುವರಿಯಿರಿ. ಬಣ್ಣ ಎದ್ದು ಚಕ್ಕೆಯಾಗಿದ್ದರೆ ಅಷ್ಟೂ ಬೇಡ, ಹಾಗೆಯೇ ಕಲಘಟಗಿಗೆ ಒಯ್ದು ತೋರಿಸಿರಿ. ಈಗ ಈ ಕೆಲಸ ಬಲ್ಲ ಮನೆಗಳು ಬಹಳ ಕಡಿಮೆ. ಹೊಸ ತೊಟ್ಟಿಲು ಮಾಡಿಸುವವರು ವಿರಳವಾಗಿರುವ ಕಾಲದಲ್ಲಿ ಹಳೆಯದೊಂದು ದುರಸ್ತಿಗೆ ಬಂದರೆ ಅದೂ ಆ ವಿದ್ಯೆಗೆ ಅನ್ನವೇ.

ಕತ್ತರಿಸುವ ಮಾತಿಗೆ ಬರುತ್ತೇನೆ. ನಮ್ಮ ಕಡೆ ತವರಿನಿಂದ ಬಂದ ತೊಟ್ಟಿಲು ಒಬ್ಬರ ಸ್ವತ್ತಲ್ಲ. ಅದು ಕೂಸು ಹುಟ್ಟಿದ ಮನೆಯಿಂದ ಮನೆಗೆ ಹೋಗುತ್ತದೆ, ಹೆಸರಿಡುವ ದಿನ ಐದು ಮಂದಿ ಮುತ್ತೈದೆಯರು ಅದನ್ನು ಹಿಡಿದು ತೂಗುತ್ತಾರೆ. ನಿಮ್ಮ ಕಾಕಂದಿರ ಮಕ್ಕಳಿಗೂ ಅದರ ಮೇಲೆ ಹಕ್ಕಿರಬಹುದು, ಒಮ್ಮೆ ಕೇಳಿರಿ. ಕಪಾಟಾಗಲೇಬೇಕೆಂದಿದ್ದರೆ ಕತ್ತರಿಸದೆ ಆಗಿಸಬಹುದು. ತೊಟ್ಟಿಲನ್ನು ಅದರ ಸರಪಳಿಗಳಿಂದಲೇ ಗೋಡೆಯ ಪಕ್ಕ, ಕಾಂಕ್ರೀಟಿನ ಸೂರಿಗೆ ಭದ್ರವಾದ ಕೊಂಡಿ ಹಾಕಿಸಿ ತೂಗುಬಿಟ್ಟು, ಒಳಗೆ ತೆಳುವಾದ ಹಲಗೆಯೊಂದನ್ನು ಬಿಡಿಯಾಗಿ ಕೂಡಿಸಿದರೆ ಮಗುವಿನ ಪುಸ್ತಕಗಳಿಗೆ, ಗೊಂಬೆಗಳಿಗೆ ಅದಕ್ಕಿಂತ ಚಂದದ ಜಾಗ ಬೇರೆ ಬೇಕಿಲ್ಲ. ಬಿಸಿಲು ನೇರವಾಗಿ ಬೀಳದಂತೆ ಮಾತ್ರ ನೋಡಿಕೊಳ್ಳಿರಿ. ಇನ್ನೊಂದು ಎಚ್ಚರಿಕೆಯೂ ಅಗತ್ಯ. ಹಿಂದಿನ ಕಾಲದ ಚಿತ್ರಕಾರರು ಹರಿದಾಳ, ಇಂಗಳೀಕಗಳಂತಹ ವಿಷದ ಖನಿಜಗಳನ್ನೂ ಬಣ್ಣವಾಗಿ ಬಳಸಿದ್ದುಂಟು. ನಿಮ್ಮ ತೊಟ್ಟಿಲಿನಲ್ಲಿ ಯಾವುದಿದೆ ಎಂದು ನೋಡಿ ಹೇಳಲಾಗದು. ಆದ್ದರಿಂದ ಕಚ್ಚುವ, ನೆಕ್ಕುವ ವಯಸ್ಸಿನ ಕೂಸನ್ನು ಬದಿಗಳಿಗೆ ದಪ್ಪ ಬಟ್ಟೆ ಹೊದಿಸದೆ ಅದರಲ್ಲಿ ಮಲಗಿಸಬೇಡಿ.

ಉತ್ತರ: ಮಂಚದಿಂದ ಬೆಂಚು ಮಾಡಿದವನು, ಮೈಸೂರು

ಮೇಲಿನ ಇಬ್ಬರ ತಿಳಿವಳಿಕೆಗೆ ಗೌರವ ಸಲ್ಲಿಸುತ್ತಲೇ ಸ್ವಲ್ಪ ಬೇರೆಯ ಮಾತನ್ನು ಹೇಳಬಯಸುತ್ತೇನೆ. ನಮ್ಮ ತಾಯಿಯ ಮದುವೆಯ ಮಂಚ ಹದಿನೆಂಟು ವರ್ಷ ಗೋಡೌನಿನಲ್ಲಿತ್ತು. ಅದನ್ನು ಕತ್ತರಿಸಬಾರದೆಂಬ ಭಕ್ತಿಯಿಂದ ಯಾರೂ ಮುಟ್ಟಲಿಲ್ಲ, ಆ ಭಕ್ತಿಯ ಮರೆಯಲ್ಲಿ ಗೆದ್ದಲು ಎರಡು ಕಾಲುಗಳನ್ನು ತಿಂದು ಮುಗಿಸಿತು. ಕೊನೆಗೆ ನಾನು ಉಳಿದದ್ದನ್ನು ಕತ್ತರಿಸಿ, ತಲೆಯ ಕಡೆಯ ಕೆತ್ತನೆಯ ಹಲಗೆಯನ್ನು ಒರಗುವ ಹಲಗೆಯನ್ನಾಗಿ ಮಾಡಿ, ಬಾಗಿಲ ಪಕ್ಕದ ಬೆಂಚು ಮಾಡಿಸಿದೆ. ಪ್ರತಿದಿನ ನಾವೆಲ್ಲ ಅದರ ಮೇಲೆ ಕುಳಿತೇ ಚಪ್ಪಲಿ ಹಾಕಿಕೊಳ್ಳುತ್ತೇವೆ. ಹತ್ತು ವರ್ಷ ಮೊದಲೇ ಮಾಡಿದ್ದರೆ ನಾಲ್ಕು ಕಾಲುಗಳೂ ಉಳಿಯುತ್ತಿದ್ದವು ಎಂಬುದಷ್ಟೇ ನನ್ನ ಪಶ್ಚಾತ್ತಾಪ. ಆದ್ದರಿಂದ ಗರಗಸಕ್ಕೆ ಹೆದರಿ ಕೆಲಸವನ್ನೇ ಮುಂದೂಡಬೇಡಿ. ತೊಟ್ಟಿಲನ್ನು ಬಿಡಿ, ಅದರ ಬಗ್ಗೆ ಹುಬ್ಬಳ್ಳಿಯವರ ಮಾತೇ ಸರಿ.

ಸಂದೂಕಕ್ಕೆ ಕಾಲು ಜೋಡಿಸುವ ಬದಲು ಅದಕ್ಕಿಂತ ಅರ್ಧ ಇಂಚು ಒಳಸರಿದ, ನಾಲ್ಕು ಗಾಲಿಗಳುಳ್ಳ ಒಂದು ಪೀಠವನ್ನು ಬೇರೆಯಾಗಿ ಮಾಡಿಸಿ, ಅದರ ಮೇಲೆ ಸಂದೂಕವನ್ನು ಸುಮ್ಮನೆ ಕೂರಿಸಿರಿ. ಹೀಗೆ ಮಾಡಿದರೆ ತಳಕ್ಕೆ ಗಾಳಿಯಾಡುತ್ತದೆ, ಗುಡಿಸಲು ಸರಿಸಬಹುದು, ಹಳೆಯ ಮರಕ್ಕೆ ಒಂದು ತೂತೂ ಬೀಳುವುದಿಲ್ಲ. ಟೀಪಾಯಿ ಮಾಡುವುದು ಮಾತ್ರ ನನಗೆ ಸರಿಯೆನಿಸುವುದಿಲ್ಲ. ಮುಚ್ಚಳ ತೆಗೆಯಬೇಕಾದಾಗಲೆಲ್ಲ ಮೇಲಿನ ಲೋಟ, ಪತ್ರಿಕೆಗಳನ್ನು ಇಳಿಸಬೇಕಾಗುತ್ತದೆ. ಎರಡು ತಿಂಗಳಿಗೆ ಬೇಸರ ಬಂದು ಒಳಗಿನ ಜಾಗ ಸತ್ತ ಜಾಗವಾಗುತ್ತದೆ. ಕಿಟಕಿಯ ಬಳಿ ಇಟ್ಟು, ಮೇಲೊಂದು ಮೆತ್ತೆ ಹಾಕಿ ಕೂರುವ ಪೀಠವಾಗಿ ಬಳಸಿದರೆ ಒಳಗೆ ಹೊದಿಕೆ, ಚಾದರಗಳನ್ನು ಇಡಬಹುದು. ಎರಡು ವರ್ಷದ ಮಗುವಿರುವ ಮನೆಯಲ್ಲಿ ಆ ಭಾರದ ಮುಚ್ಚಳ ಬಹಳ ಅಪಾಯಕಾರಿ. ತಾನಾಗಿ ಬೀಳದಂತೆ ಹಿಡಿದು ನಿಲ್ಲಿಸುವ ಆಸರೆಯನ್ನು ಎರಡೂ ಬದಿಗೆ ಹಾಕಿಸಿರಿ, ಹೊರಗಿನ ಚಿಲಕವನ್ನು ಬಿಚ್ಚಿಡಿರಿ. ಆಟವಾಡುತ್ತ ಮಗು ಒಳಗಿಳಿದಾಗ ಚಿಲಕ ಬಿದ್ದರೆ ಹೊರಗಿನವರಿಗೆ ತಿಳಿಯುವುದೇ ಇಲ್ಲ.

ಇನ್ನೊಂದು ಮಾತು. ಮಳೆ ನೋಡಿದ ಊರಿನ ಮನೆಯಿಂದ ಬೆಂಗಳೂರಿನ ಫ್ಲ್ಯಾಟಿಗೆ ಬಂದ ಹಲಗೆ ಒಣಗಿ ಅಡ್ಡಗಲದಲ್ಲಿ ಕುಗ್ಗುತ್ತದೆ, ಹಲಗೆಗಳ ನಡುವೆ ಸಂದು ಕಾಣಿಸಿಕೊಳ್ಳುತ್ತದೆ. ಗಾಬರಿಯಾಗಿ ಅದಕ್ಕೆ ಗಟ್ಟಿಯಾದ ಪುಟ್ಟಿ ತುಂಬಿಸಬೇಡಿ. ಮುಂದಿನ ಮಳೆಗಾಲದಲ್ಲಿ ಮರ ಉಬ್ಬಿದಾಗ ಪುಟ್ಟಿ ಸಿಡಿಯುತ್ತದೆ, ಇಲ್ಲವೇ ಹಲಗೆಯೇ ಬಿರಿಯುತ್ತದೆ. ಮಳೆ, ಬೇಸಿಗೆ ಎರಡನ್ನೂ ಕಂಡ ಮೇಲೆ ತೀರ್ಮಾನಿಸಿರಿ.

ಉತ್ತರ: ಹೊರನಾಡ ಕನ್ನಡಿಗ, ರೋಟರ್‌ಡ್ಯಾಮ್

ಕುರ್ಚಿಯನ್ನು ಜರ್ಮನಿಗೆ ಕಳುಹಿಸುವ ವಿಷಯದಲ್ಲಿ ನನ್ನ ಅನುಭವ ಪ್ರಯೋಜನಕ್ಕೆ ಬರಬಹುದು. ಕಪ್ಪು ಛಾಯೆಯ ಮರವೆಂದರೆ ಅದು ಬೀಟೆಯಾಗಿರುವ ಸಾಧ್ಯತೆ ಹೆಚ್ಚು. ಬೀಟೆ ಸೇರಿದ ಇಡೀ ಮರಕುಲವನ್ನು 2017ರ ಜನವರಿಯಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಗಿದೆ. ಪರವಾನಗಿ ಬೇಕೇ ಬೇಡವೇ ಎಂಬುದನ್ನು ಮೊದಲೇ ವಿಚಾರಿಸದೆ ಕಳುಹಿಸಿದರೆ ಬಂದರಿನಲ್ಲಿ ತಡೆಹಿಡಿಯುತ್ತಾರೆ. ನನ್ನ ಒಂದು ಪೆಟ್ಟಿಗೆ ಏಳು ವಾರ ಅಲ್ಲಿಯೇ ಕೂತಿತ್ತು. ಇದಲ್ಲದೆ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಕುಶಲಕಲೆಯ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಕುರ್ಚಿ ಅಷ್ಟು ಹಳೆಯದಲ್ಲವೆಂದು ನಿಮಗೆ ಗೊತ್ತಿದ್ದರೂ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಚಳಿಗಾಲದಲ್ಲಿ ಇಲ್ಲಿಯ ಮನೆಗಳ ಒಳಗಿನ ಗಾಳಿ ಬಿಸಿಯಂತ್ರದಿಂದಾಗಿ ತೀರ ಒಣಗಿರುತ್ತದೆ. ಬೆತ್ತ ಪೆಡಸಾಗಿ ಮುರಿಯುತ್ತದೆ. ತಮ್ಮನ ಆಸೆ ನನಗೆ ಅರ್ಥವಾಗುತ್ತದೆ, ಆದರೂ ಕುರ್ಚಿ ಅಲ್ಲಿಯೇ ಇರಲಿ ಎಂಬುದು ನನ್ನ ಮನಸ್ಸು. ಹೆಣೆಸುವಾಗ ಪ್ಲಾಸ್ಟಿಕ್ ಬೇಡ, ಬೆತ್ತವನ್ನೇ ಹಾಕಿಸಿರಿ. ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಓರೆಯಾಗಿ ಎರಡು ಸಲ ಎಳೆದು ಆ ಎಂಟುಮೂಲೆಯ ಕಣ್ಣುಗಳನ್ನು ಮೂಡಿಸುತ್ತಾರೆ. ಅಂಧರ ಸಂಸ್ಥೆಗಳಲ್ಲಿ ಈ ಕೆಲಸವನ್ನು ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ, ಅವರ ಬೆರಳುಗಳ ಬಿಗಿ ಎಲ್ಲೂ ಸಿಗದು. ಮುಂದೆ ಹೆಣಿಕೆ ಜೋತುಬಿದ್ದರೆ ಅಡಿಯಿಂದ ಬಿಸಿನೀರಿನ ಬಟ್ಟೆಯಲ್ಲಿ ನೆನೆಸಿ ರಾತ್ರಿಯಿಡೀ ಆರಲು ಬಿಟ್ಟರೆ ಬೆತ್ತ ತಾನಾಗಿ ಬಿಗಿಯುತ್ತದೆ.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ನಂತರ

ತಾವೆಲ್ಲ ಇಷ್ಟು ಅಕ್ಕರೆಯಿಂದ ಬರೆದುದಕ್ಕೆ ಕೃತಜ್ಞಳು. ಕಪ್ಪು ಕಾಗದದ ಮೇಲೆ ಎರಡನೆಯ ವಾರವೇ ಹೊಸ ಪುಡಿ ಬಿದ್ದಿತು, ಆದರೆ ನಡುಭಾಗದಲ್ಲಿ ಮಾತ್ರ. ಸಂದೂಕವನ್ನು ಮಗುಚಿ ನೋಡಿದಾಗ ಕಾರಣ ತಿಳಿಯಿತು. ನಾಲ್ಕು ಬದಿಗಳೂ ಮುಚ್ಚಳವೂ ಸಾಗುವಾನಿಯವೇ, ತಳದ ಎರಡು ಹಲಗೆಗಳು ಮಾತ್ರ ಯಾವುದೋ ಬಿಳಿಯ ಮರದವು, ಅವನ್ನು ಬೇರೆ ಬಗೆಯ ಮೊಳೆಗಳಿಂದ ಬಡಿಯಲಾಗಿತ್ತು. ಅಪ್ಪನಿಗೆ ಆಗ ನೆನಪಾಯಿತು: ಒಂದು ವರ್ಷ ಮನೆಯೊಳಗೆ ನೀರು ನುಗ್ಗಿ ತಳ ಕೊಳೆತಾಗ ಅಜ್ಜನೇ ಅದನ್ನು ಬದಲಿಸಿದ್ದರಂತೆ, ಹಸಿರು ಬಣ್ಣವೂ ಆಗಿನದೇ. ಮೂಲರೂಪವೆಂದು ನಾನು ಭಾವಿಸಿದ್ದು ಅಜ್ಜನ ಕಾಲದಲ್ಲಿಯೇ ಒಮ್ಮೆ ಬದಲಾಗಿತ್ತು. ಇದು ತಿಳಿದ ಮೇಲೆ ತಳವನ್ನು ತೆಗೆಸಲು ಮನಸ್ಸು ಅಳುಕಲಿಲ್ಲ. ಕೆಡವಲಿರುವ ಅದೇ ಮನೆಯ ಅಟ್ಟದ ಸಾಗುವಾನಿ ಹಲಗೆಗಳಲ್ಲಿ ಎರಡನ್ನು ಕಾಕಾ ಕೊಟ್ಟಿದ್ದಾರೆ, ಅವನ್ನೇ ತಳಕ್ಕೆ ಹಾಕಿಸುತ್ತಿದ್ದೇನೆ. ಬಣ್ಣ ಕೆರೆಯುವ ಕೆಲಸವೂ ಊರಿನ ಹಿತ್ತಲಿನಲ್ಲಿಯೇ ನಡೆಯಲಿದೆ, ಮುಗಿದ ಮೇಲೆಯೇ ಅದು ಬೆಂಗಳೂರಿಗೆ ಬರುತ್ತದೆ. ಗಾಲಿಯ ಪೀಠದ ಅಳತೆಯನ್ನು ಬಡಗಿಗೆ ಕೊಟ್ಟಾಗಿದೆ.

ಕುರ್ಚಿಗೆ ಸ್ಪಿರಿಟ್ ಹಚ್ಚಿದೊಡನೆ ಹತ್ತಿ ಕಂದಾಯಿತು. ತಮ್ಮನಿಗೆ ಈ ಪುಟವನ್ನು ಓದಲು ಕಳುಹಿಸಿದೆ. ಬಂದಾಗ ಕೂರಲು ಅಲ್ಲಿಯೇ ಇರಲಿ ಎಂದು ಬರೆದಿದ್ದಾನೆ. ತೊಟ್ಟಿಲಿನ ಬಗ್ಗೆ ಕಾಕಂದಿರ ಮನೆಗಳಲ್ಲಿ ಕೇಳಿದಾಗ ನನ್ನ ತಂಗಿಯಂತಹ ಕಾಕಾನ ಮಗಳಿಗೆ ಶ್ರಾವಣದಲ್ಲಿ ಹೆರಿಗೆಯೆಂದು ತಿಳಿಯಿತು. ಹೆಸರಿಡುವ ದಿನ ಬದಿಗಳಿಗೆ ಕೌದಿ ಹೊದಿಸಿ ಕಟ್ಟುತ್ತೇವೆ. ಅದಕ್ಕೆ ಮೊದಲು ಕಲಘಟಗಿಗೆ ಒಯ್ಯಬೇಕು, ಎಡಬದಿಯ ಹಲಗೆಯಲ್ಲಿ ಬಣ್ಣ ನಾಲ್ಕು ಬೆರಳಗಲ ಚಕ್ಕೆಯೆದ್ದಿದೆ. ಹುಬ್ಬಳ್ಳಿಯವರೇ, ಅಲ್ಲಿಯವರೆಗೆ ಲಾರಿಯಲ್ಲಿ ಸಾಗಿಸುವಾಗ ಆ ಚಕ್ಕೆಗಳು ಉದುರದಂತೆ ಏನನ್ನು ಹೊದಿಸಬೇಕು ಎಂದು ತಿಳಿಸಬಲ್ಲಿರಾ?

ಉತ್ತರ: ತೊಟ್ಟಿಲ ಹಾಡು ಕೇಳಿ ಬೆಳೆದವಳು, ಹುಬ್ಬಳ್ಳಿ

ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಬೆವೆತು ಅರಗು ಮಂಕಾಗುತ್ತದೆ. ಅಂಟುಪಟ್ಟಿಯನ್ನೂ ಬಣ್ಣದ ಮೇಲೆ ಹಚ್ಚಬೇಡಿ. ಚಕ್ಕೆಯೆದ್ದ ಹಲಗೆ ಮೇಲ್ಮುಖವಾಗಿರುವಂತೆ ತೊಟ್ಟಿಲನ್ನು ಬದಿಗೆ ಮಲಗಿಸಿ, ಅದರ ಮೇಲೆ ಬೆಣ್ಣೆಕಾಗದ, ಕಾಗದದ ಮೇಲೆ ಹಳೆಯ ಮಲ್ಲಿನ ಪಂಚೆ, ಅದರ ಮೇಲೆ ಕೌದಿ ಹೊದಿಸಿ, ಹಗ್ಗವನ್ನು ಚಿತ್ರವಿಲ್ಲದ ಚೌಕಟ್ಟಿಗೆ ಮಾತ್ರ ಕಟ್ಟಿರಿ. ಸರಪಳಿಗಳನ್ನು ಬಿಚ್ಚಿ ಬೇರೆ ಚೀಲದಲ್ಲಿಡಿರಿ. ಉದುರಿದ ಚಕ್ಕೆ ಸಿಕ್ಕರೆ ಎಸೆಯದೆ ಪೊಟ್ಟಣ ಕಟ್ಟಿ ಜೊತೆಗೆ ಒಯ್ಯಿರಿ, ಬಣ್ಣ ಹೊಂದಿಸಲು ಅವರಿಗೆ ಅದೇ ಬೇಕಾಗುತ್ತದೆ.